ಮರೆ ಕಟ್ಟಿದ್ದು

ಕುಡುಗೋಲು ಒಂದು, ಗೋಣಿತಾಟು ಎರಡು,
ಸೈಕಲ್ಲಿನ ಹಿಂದೆ ನಾನು.
ನನ್ನಿವಾಳದ ಆಚೆಯ ದಿಬ್ಬಕ್ಕೆ
ಸೋದರಮಾವ ಪಾಲಯ್ಯ
ನನ್ನನ್ನೇ ಕರೆದೊಯ್ದದ್ದು ಪ್ರೀತಿಗಲ್ಲ;
ಅವನ ಮೂವರು ಗಂಡುಮಕ್ಕಳಿಗೂ ಕೆಮ್ಮು.
ಬುರ್ಲಿ ಬೇಟೆಗೆ ಕೆಮ್ಮುವವರು ಆಗಿಬರುವುದಿಲ್ಲ.

ನವಣೆ ಕೊಯ್ದ ಹೊಲ. ಕೂಳೆ ಕಾಲಿಗೆ ಚುಚ್ಚುತ್ತಿತ್ತು.
ಮೊದಲು ಗಾಳಿ ನೋಡಿದ:
ಬೀಡಿ ಹಚ್ಚಿ, ಸೇದದೆ, ಹೊಗೆ ಹೋದ ಕಡೆ.
ಆಮೇಲೆ ಬಿಸಿಲು. ಬೆಳಗ್ಗೆ ಅದು
ನಮ್ಮ ಬೆನ್ನಿಗಿರಬೇಕು, ಹಕ್ಕಿಯ ಕಣ್ಣಿಗಿರಬೇಕು.
ಆಮೇಲೆ ಇರುವೆ.
ಇರುವೆಗೂಡಿನ ಮೇಲೆ ಕೂತರೆ
ದೇವರೂ ಅಲುಗಾಡ್ತಾನೆ, ಅಂದ.

ನಾಲ್ಕು ಜಾಲಿಗೂಟ, ಎದೆಮಟ್ಟ, ನನ್ನ ಎದೆಮಟ್ಟ.
ನಾನು ಬಂದರೆ ಸೊಪ್ಪನ್ನು ಆಸೆಯಿಂದ
ಸುತ್ತಲೂ ಸಿಕ್ಕಿಸಿದೆ.
‘ಮದುವೆ ಚಪ್ರ ಅಲ್ಲ ಕಣವ್ವ’ ಅಂತ
ಅರ್ಧ ಕಿತ್ತೆಸೆದು ಒಣಹುಲ್ಲು ಇಳಿಬಿಟ್ಟ.
‘ಈ ಹೊಲದಾಗೆ ಹಸಿರು ಎಲ್ಲೈತೆ?
ಇಲ್ಲದ್ದನ್ನ ತಂದಿಟ್ಟರೆ
ಕುರುಡು ಬುರ್ಲಿಗೂ ಗೊತ್ತಾಗ್ತೈತೆ.’

ಎರಡು ಬೆರಳಗಲ ಕಿಂಡಿ ಕಣ್ಣಿಗೆ,
ಒಂದು ಬೆರಳಗಲ ದಾರಕ್ಕೆ.
‘ಒಳಗೆ ಕುಂದ್ರು’ ಅಂದು
ತಾನು ಇಪ್ಪತ್ತು ಮಾರು ದೂರ ಹೋಗಿ,
ಪಂಚೆ ಎತ್ತಿಕಟ್ಟಿ, ಅಂಗೈ ಊರಿ,
ಗಲ್ಲ ನೆಲಕ್ಕೆ ತಾಗಿಸಿ
ಬುರ್ಲಿಯಾದ.

ಪಂಚಾಯ್ತಿ ಮೆಂಬರು. ಐವತ್ತರ ಗಂಡಸು.
ಊರಲ್ಲಿ ಯಾರೆದುರೂ ಬಗ್ಗದವನು
ಬಲಗಣ್ಣಿಂದ ಒಮ್ಮೆ,
ಕತ್ತು ತಿರುಗಿಸಿ ಎಡಗಣ್ಣಿಂದ ಒಮ್ಮೆ ನೋಡುತ್ತಾ
ಕಾಳು ಚೆಲ್ಲಿದ ಕಡೆಗೆ, ಬಲೆಯ ಕೆಳಗೆ
ತೆವಳಿ ತೆವಳಿ ಬಂದ.
ನಗು ಬಂತು. ಆಮೇಲೆ ಬರಲಿಲ್ಲ.
ಅವನ ಕುತ್ತಿಗೆಯ ಹಿಂಭಾಗ,
ಬಿಳಿಕೂದಲು, ತಾಯತದ ಕರಿದಾರ.
ಅಲ್ಲಿಯವರೆಗೆ ಅದನ್ನು ನಾನು
ಮೇಲಿನಿಂದ ನೋಡಿರಲೇ ಇಲ್ಲ.

‘ನಿನ್ನ ಹಲ್ಲು ಕಾಣ್ತೈತೆ’ ಅಂದಿತು ಬುರ್ಲಿ.
ಬಾಯಿ ಮುಚ್ಚಿದೆ.
‘ಎಳಿ.’
ದಾರ ಬೆರಳಲ್ಲೇ ಇತ್ತು.
‘ಎಳಿಯೇ!’
ಎಳೆದೆ. ಗೂಟ ಮಗುಚಿ ಬಲೆ ಬಿತ್ತು.
ಅವನು ಏಳಲಿಲ್ಲ, ಬಯ್ಯಲಿಲ್ಲ.
ಅಂಗಾತ ಹೊರಳಿ, ಒಳಗಿಂದಲೇ
ಆಕಾಶವನ್ನು ಎಣಿಸುವವನಂತೆ
ಬೆರಳು ಓಡಿಸಿ ಹೇಳಿದ:
‘ಎರಡು ಕಣ್ಣು ಹರಿದಾವೆ. ಹೊಲಿಬೇಕು.’

ನಾಳೆಯೇ ಬರೋಣವಾ ಅಂದೆ.
‘ನಾಳೆ? ಒಂಬತ್ತು ದಿನ ಹಂಗೇ ಇರ್ಲಿ.
ಮರೆ ಅಂದ್ರೆ ಕಾಣದಂಗೆ ಇರೋದಲ್ಲ ಕಣೆ.
ಕಂಡೂ ಕಂಡೂ ಮರ್ತುಹೋಗೋದು.
ಅಗೋ, ಗುಡ್ಡದ ಮ್ಯಾಲಿನ ಫ್ಯಾನು,
ಮೊದಲ ವರ್ಷ ಒಂದು ಹಕ್ಕಿ ಈ ಕಡೆ ಬರ್ಲಿಲ್ಲ.
ಈಗ ಅದರ ನೆರಳಾಗೇ ಮೇಯ್ತಾವೆ.’

ಆ ಒಂಬತ್ತು ದಿನ ಮನೆಯಲ್ಲಿ ಬೋರಜ್ಜಿಯದು ಒಂದೇ ತಕರಾರು:
ಕೋಳಿ ಹೊಸ್ತಿಲು ದಾಟದ ಮನೆ ನಮ್ಮದು,
ಈ ಬುರ್ಲಿ ಕೋಳಿಗೆ ಏನಾಗಬೇಕು?
ಮಾವ ತಲೆ ಕೆರೆದು ಅಂದ:
‘ಕೂಗಿ ಸೂರ್ಯನ್ನ ಎಬ್ಬಿಸೋದು ಕೋಳಿ.
ಸೂರ್ಯ ಎದ್ದಮ್ಯಾಲೆ ಕೂಗೋದು ಬುರ್ಲಿ.
ಕೊಟ್ಟು ತಂದ ಸಂಬಂಧ ಇಲ್ಲ.’
ಅಜ್ಜಿ ಮಸಾಲೆ ಅರೆಯಲು ಒಪ್ಪಿದಳು.

ಹತ್ತನೇ ಬೆಳಗು. ಮಂಜಿಗೆ ಗೋಣಿ ನೆನೆದು ಹೆಣಭಾರ.
ಬಂದವು. ಮಣ್ಣೇ ಮಣ್ಣಿನಿಂದ ಎದ್ದು
ನಾಲ್ಕು ಹೆಜ್ಜೆ ಓಡಿದಂತೆ.
ಒಂದು ನಮ್ಮ ಮರೆಗೇ ಮೈಯುಜ್ಜಿ
ನನ್ನ ಹೆಬ್ಬೆರಳ ಪಕ್ಕದ ಧೂಳು ಕೆದರಿತು.
ನಾನಿದ್ದೇನೆ ಎಂಬುದು
ಅದಕ್ಕೂ ಮರೆತಿತ್ತು, ನನಗೂ.
ಮಾವನ ಮೊಣಕೈ ತಾಗಿತು.
ಎಳೆದೆ.

ಐದು.
ನಾಲ್ಕನ್ನು ಚೀಲಕ್ಕೆ ಹಾಕಿ, ಐದನೆಯದನ್ನು
ಕಿವಿಯ ಹತ್ತಿರ ಹಿಡಿದು ಏನೋ ಯೋಚಿಸಿದ.
‘ಇದು ಕೂಗೋದು. ಇದನ್ನ ತಿಂದ್ರೆ
ಬರೋ ವರ್ಷ ಬುರ್ಲಿ ಎಲ್ಲದಾವೆ ಅಂತ
ನನಗೆ ಹೇಳೋರು ಯಾರು?’
ಬಿಟ್ಟ.

ಅದು ಹಾರಲಿಲ್ಲ.
ಕೂಳೆಯ ಸಾಲಲ್ಲಿ ಓಡಿ, ನಿಂತು,
ಬಲಗಣ್ಣಿಂದ ಒಮ್ಮೆ,
ಕತ್ತು ತಿರುಗಿಸಿ ಎಡಗಣ್ಣಿಂದ ಒಮ್ಮೆ
ಮಾವನನ್ನು ನೋಡಿತು.

ಅಭ್ಯಾಸಬಲ,
ನಾನು ಬಾಯಿ ಮುಚ್ಚಿಕೊಂಡೆ.